ಕಾಕಾನ ಸ್ಟೆಂಟು, ಮಗುವಿನ ಕರೊನರಿ

ಹುಬ್ಬಳ್ಳಿ, 14 ಜುಲೈ 2025, ಸೋಮವಾರ

"ಇವರ ಕಾಕಾಗ ಸ್ಟೆಂಟ್ ಹಾಕ್ಯಾರ್ರಿ, ಮೂರ ದಿನದಾಗ ಮನಿಗೆ ಬಂದ್ರು. ಇವಗೂ ಹಾಕಿಬಿಡ್ರಲ್ಲ." ಹಸುಗೂಸಾಗಿದ್ದಾಗ ಆರ್ಟೀರಿಯಲ್ ಸ್ವಿಚ್ ಎಂಬ ಹೃದಯದ ಆಪರೇಶನ್ ಆದ ಹುಡುಗನ ಎಡ ಕರೊನರಿಯ, ಅಂದರೆ ಹೃದಯಕ್ಕೇ ರಕ್ತ ಒಯ್ಯುವ ನಾಳದ, ಬಾಯಿ ಕಿರಿದಾಗಿದೆ ಎಂದ ಕೂಡಲೇ ಒಪಿಡಿಯಲ್ಲಿ ಮನೆಯವರಿಂದ ಬರುವ ಮಾತು ಇದು. ನವಲಗುಂದದಿಂದ ಹಾನಗಲ್‌ವರೆಗೆ ಬಳಗದಲ್ಲೊಬ್ಬರು ಸ್ಟೆಂಟಿನವರು ಇದ್ದೇ ಇರುತ್ತಾರೆ, ಹೀಗಾಗಿ ಕೇಳುವುದು ಸಹಜ.

ಕಾಕಾನದು ಕೊಬ್ಬು ಕಟ್ಟಿದ ರಕ್ತನಾಳ. ಇಲ್ಲಿ ಕೊಬ್ಬಿನ ಮಾತೇ ಇಲ್ಲ. ಅದಲುಬದಲಾಗಿ ಹುಟ್ಟಿದ ಎರಡು ಮಹಾನಾಳಗಳನ್ನು ಕತ್ತರಿಸಿ ಸರಿಜಾಗಕ್ಕೆ ಹೊಲಿಯುವ ಈ ಸ್ವಿಚ್ ಶಸ್ತ್ರಚಿಕಿತ್ಸೆಯನ್ನು ಬ್ರೆಜಿಲ್‌ನ ಅಡಿಬ್ ಜಟೆನೆ 1975ರಲ್ಲಿ ಮೊದಲು ಯಶಸ್ವಿಯಾಗಿ ಮಾಡಿದರು. ಅದರಲ್ಲಿ ಕಠಿಣವಾದದ್ದು ಕರೊನರಿಗಳ ಸ್ಥಳಾಂತರ: ಸುತ್ತಲಿನ ಗೋಡೆಯ ಚೂರಿನ ಸಮೇತ ಬಿಡಿಸಿ ಹೊಸ ಮಹಾಧಮನಿಗೆ ಕೂಡಿಸಬೇಕು. ನಾಳದ ಅಗಲ ಒಂದೆರಡು ಮಿಲಿಮೀಟರ್. ತುಸು ತಿರುಚಿದರೆ ಮೊದಲ ತಿಂಗಳುಗಳಲ್ಲೇ ತೊಂದರೆ. ಮುಂದೆ ಮಗು ಬೆಳೆದಂತೆ ಮಹಾಧಮನಿಯ ಬುಡ ಹಿಗ್ಗಿ ಬಾಯಿಯನ್ನು ಜಗ್ಗುತ್ತದೆ, ಹೊಲಿಗೆಯ ಸುತ್ತ ಒಳಪದರ ದಪ್ಪಗಾಗುತ್ತದೆ. ಹುಟ್ಟಿನಿಂದಲೇ ಒಂದೇ ಕರೊನರಿ ಇದ್ದವರಲ್ಲಿ, ನಾಳ ಮಹಾಧಮನಿಯ ಗೋಡೆಯೊಳಗೇ ಸಾಗಿದವರಲ್ಲಿ ಅಪಾಯ ಹೆಚ್ಚು.

"ಎದಿ ನೋವು ಅಂದೇ ಇಲ್ಲಲ್ರಿ ಅಂವ" ಎನ್ನುತ್ತಾರೆ. ಆಪರೇಶನ್‌ನಲ್ಲಿ ಹೃದಯದ ನರಗಳೂ ಕತ್ತರಿಸಿರುತ್ತವೆ, ಆದ್ದರಿಂದ ರಕ್ತ ಸಾಲದಿದ್ದರೂ ನೋವು ಗೊತ್ತಾಗದೇ ಹೋಗಬಹುದು. ಕೂತಾಗ ತೆಗೆದ ಇಸಿಜಿ, ಎಕೊ ಎರಡೂ ಸರಿ ಇದ್ದುಬಿಡಬಹುದು. ಅದಕ್ಕೇ ಸಿಟಿ. ಬರೀ ಎದೆಯ ಸಿಟಿ ಮಾಡಿಸಿ ತಂದರೆ ಬಡಿತಕ್ಕೆ ಬಾಯಿಯೇ ಮಸುಕು, ದುಡ್ಡು ದಂಡ. ಇಸಿಜಿ ಜೋಡಿಸಿ ಮಾಡುವ ಕರೊನರಿ ಸಿಟಿ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ದೊಡ್ಡ ಹುಡುಗರಿಗೆ ಬಡಿತ ನಿಮಿಷಕ್ಕೆ 65ರ ಕೆಳಗೆ ಬರಲು ಮೆಟೊಪ್ರೊಲಾಲ್ ಕೊಡುತ್ತಾರೆ. ಸಣ್ಣವರಲ್ಲಿ ಅಷ್ಟು ಇಳಿಯದು, ವೇಗದ ಯಂತ್ರವೇ ಬೇಕು.

ಸಂಶಯವಿದ್ದರೆ ಆಂಜಿಯೊಗ್ರಾಂ. ಡೈ ಬಿಡುವ ತೆಳು ನಳಿಕೆ, ಕ್ಯಾಥೆಟರ್‌ನ ತುದಿ ಕಿರಿದಾದ ಬಾಯನ್ನು ದಾಟಿ ಒಳಹೊಕ್ಕರೆ ಮುಂದಿನ ನಾಳ ಚೆನ್ನಾಗಿ ಕಂಡು ಬ್ಲಾಕ್ ಇಲ್ಲವೆಂದೇ ಅನಿಸುತ್ತದೆ. ಮೊದಲು ಮಹಾಧಮನಿಯ ಬುಡದಲ್ಲೇ ಡೈ ಬಿಟ್ಟು ನೋಡುವುದು ಇದಕ್ಕಾಗಿ.

ಇನ್ನು ಸ್ಟೆಂಟು. ಹೊಲದ ಪೈಪು ಮಡಚಿಕೊಂಡಲ್ಲಿ ಒಳಗೆ ಕೊಳವೆ ತುರುಕಿದರೆ ಮಡಿಕೆ ಬಿಡುತ್ತದೆಯೇ? ಮಗು ಬೆಳೆಯುತ್ತದೆ, ಸ್ಟೆಂಟು ಬೆಳೆಯದು. ಎರಡು ಮಿಲಿಮೀಟರಿನದನ್ನು ಮುಂದೆ ಬಲೂನಿನಿಂದ ಹಿಗ್ಗಿಸಲೂ ಮಿತಿಯಿದೆ, ಒಳಗೆ ಮಾಂಸ ಬೆಳೆದು ಮತ್ತೆ ಕಟ್ಟಿಕೊಳ್ಳಬಹುದು. ಬರೀ ಬಲೂನು ಹಾಕಿದರೆ ಬಾಯಿ ಮತ್ತೆ ಕುಗ್ಗುವುದುಂಟು. ಹೃದಯ ಸೋಲುತ್ತಿರುವ ತುರ್ತಿನಲ್ಲಿ, ಇಲ್ಲವೇ ಪೂರ್ತಿ ಬೆಳೆದವರಲ್ಲಿ ಸ್ಟೆಂಟಿಗೆ ಜಾಗವಿದೆ. ಸಣ್ಣವರಲ್ಲಿ ಬಾಯಿಯಷ್ಟೇ ಕಿರಿದಾಗಿದ್ದರೆ ನನ್ನ ಒಲವು ಆಸ್ಟಿಯೊಪ್ಲಾಸ್ಟಿ ಕಡೆಗೆ: ಬಾಯಿಯಿಂದ ಆರೋಗ್ಯವಾದ ಭಾಗದವರೆಗೆ ನಾಳವನ್ನು ಸೀಳಿ, ಹೃದಯದ ಹೊರಪೊರೆಯ ಅಥವಾ ಕಾಲಿನ ರಕ್ತನಾಳದ ತೇಪೆ ಹೊಲಿದು ಅಗಲ ಮಾಡುವುದು. ರಕ್ತ ತನ್ನ ಹಾದಿಯಲ್ಲೇ ಹರಿಯುತ್ತದೆ. ನಾಳ ಉದ್ದಕ್ಕೂ ಕೆಟ್ಟಿದ್ದರೆ ಬೈಪಾಸ್, ಅದೂ ಎದೆಗೋಡೆಯ ಒಳಗಿನ ಮ್ಯಾಮರಿ ಧಮನಿಯಿಂದ. ಅದು ಮಗುವಿನ ಜೊತೆ ಬೆಳೆಯುತ್ತದೆ. ಕಿರಿದಾಗಿದ್ದು ಅಲ್ಪವಾಗಿದ್ದರೆ ಬೈಪಾಸ್‌ಗೆ ಅವಸರ ಬೇಡ: ಹಳೆ ಹಾದಿಯ ಹರಿವು ಜೋರಿದ್ದಾಗ ಹೊಸ ನಾಳ ಬಳಕೆಯಿಲ್ಲದೆ ಸೊರಗುತ್ತದೆ.

ರಕ್ತ ಹೆಪ್ಪುಗಟ್ಟದಂತೆ ಕೊಡುವ ಆ್ಯಸ್ಪಿರಿನ್ ಸಾಮಾನ್ಯವಾಗಿ ತೂಕದ ಕೆಜಿಗೆ 3ರಿಂದ 5 ಮಿಗ್ರಾಂ, ದಿನಕ್ಕೊಮ್ಮೆ. ಎಷ್ಟು ಎಂಬುದನ್ನು ಡಾಕ್ಟರೇ ಬರೆಯಬೇಕು. ಜ್ವರಕ್ಕೆ ಐಬುಪ್ರೊಫೆನ್ ಬೇಡ, ಅದು ಆ್ಯಸ್ಪಿರಿನ್ನಿನ ಕೆಲಸ ಕೆಡಿಸುತ್ತದೆ, ಪ್ಯಾರಾಸಿಟಮಾಲ್ ನಡೆಯುತ್ತದೆ. ಸೀತಾಳೆ ಸಿಡುಬು, ಫ್ಲೂ ಬಂದರೆ ಅಂದೇ ಫೋನ್ ಮಾಡಿ: ಆಗ ಆ್ಯಸ್ಪಿರಿನ್ನಿನಿಂದ ಮೆದುಳು, ಲಿವರ್‌ಗೆ ಪೆಟ್ಟು ಕೊಡುವ ರೈ ಸಿಂಡ್ರೋಮ್ ಭಯ. ಸ್ಟೆಂಟ್ ಇದ್ದರೆ ನೀವಾಗಿಯೇ ನಿಲ್ಲಿಸುವುದೂ ಅಪಾಯ.

ಬರುವಾಗ ಡಿಸ್ಚಾರ್ಜ್ ಕಾರ್ಡ್ ಒಂದೇ ಸಾಲದು, ಆಪರೇಶನ್ ನೋಟ್ ಬೇಕು. ಯಾವ ಕರೊನರಿ ಎಲ್ಲಿಂದ ಹೊರಟಿತ್ತು, ಎಲ್ಲಿ ಕೂಡಿಸಿದರು ಎಂಬುದು ಅದರಲ್ಲಿರುತ್ತದೆ. ಆಪರೇಶನ್ ಆದ ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಐಪಿ ನಂಬರ್ (ಒಳರೋಗಿಯ ನೋಂದಣಿ ಸಂಖ್ಯೆ) ಕೊಟ್ಟು ಅರ್ಜಿ ಹಾಕಿ.