ಸಾವಿರ ವರ್ಷದ ಜಿಡ್ಡು

ಗ್ಲೌಸ್ ಇಲ್ಲದೆ ಹಳೇ ಮಡಕೆಯ ಚೂರುಗಳನ್ನು ಮುಟ್ಟುವಂತಿಲ್ಲ. ಮುಖಕ್ಕೆ, ಕೈಗೆ ಕ್ರೀಮ್ ಹಚ್ಚಿಕೊಂಡು ಬರುವಂತಿಲ್ಲ. ಪ್ಲಾಸ್ಟಿಕ್ ಚೀಲ ಬೇಡ, ಫಾಯಿಲ್‌ನಲ್ಲೇ ಸುತ್ತಬೇಕು. ಹಳೇ ಮಡಕೆಗಳಲ್ಲಿ ಏನು ಬೇಯುತ್ತಿತ್ತು ಅಂತ ಅವು ಹೀರಿಕೊಂಡ ಜಿಡ್ಡಿನಿಂದ ಹುಡುಕುವ ಲ್ಯಾಬಿಗೆ ಸೇರಿದಾಗ ಮೊದಲು ಕಲಿತದ್ದು ಇದನ್ನೇ. ನಮ್ಮ ಚರ್ಮದ ಜಿಡ್ಡಿನಲ್ಲಿ ಸ್ಕ್ವಾಲೀನ್ ಎಂಬ ಎಣ್ಣೆಯಂಥ ವಸ್ತು ಇರುತ್ತದೆ. ಅದು ಮಡಕೆಗೆ ಅಂಟಿದರೆ ಹಳೇ ಅಡುಗೆಯ ಜೊತೆ ನಾವೂ ರಿಸಲ್ಟ್‌ನಲ್ಲಿ ಕಾಣಿಸಿಕೊಳ್ಳುತ್ತೇವೆ!

ಅವತ್ತು ನನ್ನ ಪಾಲಿಗೆ ಬಂದದ್ದು ಇಟಲಿಯ ಸಿಸಿಲಿ ದ್ವೀಪದ ಅಡುಗೆ ಮಡಕೆಯ ಒಂದು ಚೂರು. ಅಲ್ಲಿ ಮುಸ್ಲಿಂ ಆಳ್ವಿಕೆ ಇದ್ದ ಕಾಲದ್ದು. ಅಲ್ಲಿನ ಪಲೆರ್ಮೊ ನಗರ 831ರಲ್ಲಿ ಮುಸ್ಲಿಮರ ಕೈಸೇರಿತು, 1072ರಲ್ಲಿ ಉತ್ತರ ಫ್ರಾನ್ಸ್ ಮೂಲದ ನಾರ್ಮನ್ನರ ಪಾಲಾಯಿತು. ಚೂರಿನ ಹೊರಗೆ ಮಸಿ, ಒಳಗೆ ಬರೀ ಮಣ್ಣು, ಗಾಜಿನಂಥ ಹೊಳಪಿನ ಲೇಪ (ಗ್ಲೇಜ್) ಇಲ್ಲ. ಮ್ಯೂಸಿಯಂನಲ್ಲಿ ಇಂಥದ್ದರ ಮುಂದೆ ಯಾರೂ ನಿಲ್ಲುವುದಿಲ್ಲ. ನಮಗೆ ಮಾತ್ರ ಇದೇ ಬೇಕು, ಯಾಕೆಂದರೆ ಬರೀ ಮಣ್ಣು ಜಿಡ್ಡನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಕರಾವಳಿಯವಳಿಗೆ ಇದನ್ನು ಬಿಡಿಸಿ ಹೇಳಬೇಕೇ? ಮೀನು ಸಾರಿನ ಮಡಕೆಯಲ್ಲಿ ಅಮ್ಮ ಯಾವತ್ತೂ ಪಾಯಸ ಮಾಡಿದವಳಲ್ಲ.

ಪುಟ್ಟ ಡ್ರಿಲ್‌ನಿಂದ ಒಳಮೈಯ ಮೇಲ್ಪದರ ಕೆರೆದು ಬಿಸಾಡಿದೆ. ಅದರ ಕೆಳಗಿನಿಂದ 1 ಗ್ರಾಂ ಪುಡಿ ತೆಗೆದೆ. ಅದಕ್ಕೆ ಮೆಥನಾಲ್, ಸಲ್ಫ್ಯೂರಿಕ್ ಆಸಿಡ್ ಸೇರಿಸಿ 70 ಡಿಗ್ರಿಯಲ್ಲಿ 4 ಗಂಟೆ ಕಾಯಿಸಿ, ಹೆಕ್ಸೇನ್ ಎಂಬ ದ್ರಾವಕದಿಂದ ಜಿಡ್ಡನ್ನು ಬೇರೆ ಮಾಡಿ, ಅದರಲ್ಲಿ ಏನೇನಿದೆ ಅಂತ ಬಿಡಿಬಿಡಿಯಾಗಿ ತೋರಿಸುವ ಯಂತ್ರಕ್ಕೆ ಹಾಕಿದೆ.

ಪರದೆಯ ಮೇಲೆ ಪಾಲ್ಮಿಟಿಕ್, ಸ್ಟಿಯರಿಕ್ ಎಂಬ ಕೊಬ್ಬಿನ ಆಸಿಡ್‌ಗಳ ಎರಡು ಗೆರೆ ಎತ್ತರಕ್ಕೆ ಎದ್ದವು. ಸ್ಟಿಯರಿಕ್ ಚೆನ್ನಾಗಿಯೇ ಇತ್ತು, ಅಂದರೆ ಪ್ರಾಣಿಯ ಕೊಬ್ಬಿರಬಹುದು. ಹಸು-ಕುರಿಗಳಂಥವುಗಳ ಮಾಂಸದ್ದೋ ಹಾಲಿನದ್ದೋ ಅಥವಾ ಹಂದಿಯದ್ದೋ ಎಂದು ತಿಳಿಯಲು ಕಾರ್ಬನ್ ಐಸೊಟೋಪ್, ಅಂದರೆ ತೂಕ ಬೇರೆ ಬೇರೆ ಇರುವ ಕಾರ್ಬನ್ ಪರಮಾಣುಗಳ ಪ್ರಮಾಣ, ಅಳೆಯಬೇಕು. ಕುರಿಯೋ ಹಸುವೋ ಅಂತ ಅದೂ ಹೇಳಲ್ಲ. ಪಕ್ಕದಲ್ಲಿ ಜೇನುಮೇಣದ ಗುರುತು, ಪೈನ್ ರಾಳದ ಗುರುತು. ಮೇಣ ಬಂದದ್ದು ಜೇನಿನಿಂದಲೋ, ಮಡಕೆ ಸೋರದಿರಲಿ ಅಂತ ಬಳಿದದ್ದೋ? ಎಷ್ಟೋ ದಿನಗಳ ಅಡುಗೆ ಒಂದೇ ಗೋಡೆಯಲ್ಲಿ ಕಲಸಿಹೋಗಿರುತ್ತದೆ. 2021ರಲ್ಲಿ ಪ್ರಕಟವಾದ ಸಿಸಿಲಿಯ ಅಧ್ಯಯನದಲ್ಲೂ ಕೊಬ್ಬು, ತರಕಾರಿ, ಜೇನುಮೇಣ, ಹಣ್ಣಿನ ಅಂಶ ಎಲ್ಲ ಬೆರೆತೇ ಸಿಕ್ಕಿದ್ದವು.

ಸಂಜೆ ಊರಿನಿಂದ ಮಾವನ ಫೋನ್. ಜೆರುಸಲೇಮಿನ 11–12ನೇ ಶತಮಾನದ ಮಣ್ಣಿನ ಪಾತ್ರೆಗಳ ಸುದ್ದಿ ಓದಿದ್ದರು. 2022ರ ಆ ಅಧ್ಯಯನದಲ್ಲಿ ಒಂದು ಚೂರಿನೊಳಗೆ ಸ್ಫೋಟಕ ಇದ್ದಿರಬಹುದು ಎಂದಿತ್ತು. ಉಳಿದವುಗಳಲ್ಲಿ ಎಣ್ಣೆ, ಸುಗಂಧ, ಔಷಧಿ ಇದ್ದಿರಬಹುದು ಎಂಬುದನ್ನು ಯಾರು ಕೇಳುತ್ತಾರೆ? ಎಲ್ಲರಿಗೂ ಗ್ರೆನೇಡೇ ಬೇಕು.

"ನಿಂದೂ ಬಾಂಬಾ?"

"ಇಲ್ಲ ಮಾವ, ಸಾರಿನ ಮಡಕೆ."

"ಹೌದಾ? ಮಸಾಲೆ ಏನು ಹಾಕಿದ್ರು?"

ಆ ಪ್ರಶ್ನೆಗೆ ನಮ್ಮ ಯಂತ್ರದ ಹತ್ತಿರವೂ ಉತ್ತರ ಇರಲಿಲ್ಲ. ಮಸಾಲೆಯ ಘಮ ಆವಿಯಾಗಿ ಹೋಗುತ್ತದೆ, ಮಣ್ಣಿನಲ್ಲಿ ಉಳಿಯುವುದು ತೀರಾ ಅಪರೂಪ.

"ಮತ್ತೆ ಏನ್ ಕಂಡುಹಿಡಿದೆ?" ಅಂದರು ಮಾವ.