ಸತ್ತವರು ಹೊಸಾ ಪ್ಲೇಟ ಹ್ಯಾಂಗ ಹೊರಡಸ್ತಾರ?

‘ಅಲ್ಲೋ ತಮ್ಮಾ, ಸತ್ತು ಐವತ್ತ ವರ್ಷ ಆದಾಂವ ಹೊಸಾ ಪ್ಲೇಟ ಹ್ಯಾಂಗ ಹೊರಡಸ್ತಾನ?’ ಎಂದು ಶಹಾಪುರದ ನನ್ನ ಸೋದರಮಾವ 2021ರಲ್ಲಿ ಕೇಳಿದ ಪ್ರಶ್ನೆಯನ್ನು, ಆಮೇಲೆ ಬೆಳಗಾವಿಯಲ್ಲಿ ನನ್ನನ್ನು ಬಲ್ಲವರೆಲ್ಲರೂ ಒಂದಲ್ಲ ಒಂದು ರೂಪದಲ್ಲಿ ಕೇಳಿದ್ದಾರೆ. ಕಚೇರಿಯಲ್ಲಿ ಪಕ್ಕದ ಮೇಜಿನವರು ಕೇಳಿದ್ದಾರೆ, ಟಿಳಕವಾಡಿಯ ಮನೆಗೆ ಪಾರ್ಸಲ್ ತರುವ ಹುಡುಗ ಕೇಳಿದ್ದಾನೆ, ಮೂರೂವರೆ ಸಾವಿರ ರೂಪಾಯಿಯ ಬಿಲ್ಲನ್ನು ನೋಡಿದ ಹೆಂಡತಿ ಬಾಯಿ ಬಿಡದೆಯೇ ಕೇಳಿದ್ದಾಳೆ. ಪ್ರತಿವರ್ಷ ಏಪ್ರಿಲ್ ಮತ್ತು ನವೆಂಬರ್ ಹತ್ತಿರವಾದಂತೆ, ರೆಕಾರ್ಡ್ ಅಂಗಡಿಗಳ ಹಬ್ಬವಾದ ‘ರೆಕಾರ್ಡ್ ಸ್ಟೋರ್ ಡೇ’ಗೆಂದು ಅಮೆರಿಕದ ಕಂಪನಿಗಳು ಹಳೆಯ ಜಾಝ್ ಕಛೇರಿಗಳ ಟೇಪುಗಳನ್ನು ಪ್ಲೇಟುಗಳಾಗಿ, ಅಂದರೆ ಗ್ರಾಮಫೋನ್ ರೆಕಾರ್ಡುಗಳಾಗಿ, ಹೊರತರಲು ಅಣಿಯಾಗುವ ಹೊತ್ತಿಗೆ, ನಾನು ಯಾವುದಾದರೊಂದರ ದಾರಿ ಕಾಯುತ್ತಿರುತ್ತೇನೆ, ಪ್ರಶ್ನೆಯೂ ಆಗ ಮರಳಿ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು: ‘ಆ ಹಾಡು ನಿನ್ನ ಹತ್ರ ಮೊದಲ ಐತೆಲ್ಲ, ಮತ್ಯಾಕ?’ ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದಕ್ಕೆ ಉತ್ತರ ಹೇಳಬೇಕಾದರೆ ಮಾವನ ಕಪಾಟನ್ನೇ ತೆರೆಯಬೇಕಾಗುತ್ತದೆ.

ಸತ್ತವರು ಪ್ಲೇಟು ಹೊರಡಿಸುವ ಬಗೆ ಹೀಗೆ. ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ 1957ರಲ್ಲಿ ಮಾದಕವಸ್ತುವಿನ ಚಟದಿಂದಾಗಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಮೇಳದಿಂದ ಹೊರಬಿದ್ದರು, ಅದೇ ವರ್ಷ ಆ ಚಟವನ್ನು ಬಿಟ್ಟರು, ಪಿಯಾನೊ ವಾದಕ ಥೆಲೋನಿಯಸ್ ಮಾಂಕ್ ಅವರ ಜೊತೆ ನ್ಯೂಯಾರ್ಕಿನ ಫೈವ್ ಸ್ಪಾಟ್ ಎಂಬ ಚಿಕ್ಕ ಜಾಗದಲ್ಲಿ ತಿಂಗಳುಗಟ್ಟಲೆ ನುಡಿಸಿದರು. ಒಬ್ಬ ಕಲಾವಿದ ಗುರುವಿನ ಬಳಿ ಕುಳಿತು ತನ್ನ ದಾರಿಯನ್ನು ಕಂಡುಕೊಂಡ ತಿಂಗಳುಗಳು ಅವು. ಆದರೆ ಮಾಂಕ್ ಒಂದು ಕಂಪನಿಯ ಕರಾರಿನಲ್ಲಿದ್ದರು, ಕೋಲ್ಟ್ರೇನ್ ಇನ್ನೊಂದರ ಕರಾರಿನಲ್ಲಿದ್ದರು. ಹೀಗಾಗಿ ಆ ನಾಲ್ವರ ಮೇಳ ಸ್ಟುಡಿಯೊದಲ್ಲಿ ನುಡಿಸಿದ್ದು ಮೂರೇ ರಚನೆಗಳನ್ನು. ಉಳಿದದ್ದನ್ನು ಕೇಳಿದವರು ಕೇಳಿದರು, ಕೇಳದವರು ಐವತ್ತು ವರ್ಷ ಅದರ ಬಗ್ಗೆ ಓದಿದರು.

ಅದೇ ವರ್ಷ ನವೆಂಬರ್ 29ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಒಂದು ಸಹಾಯಾರ್ಥ ಕಛೇರಿ ನಡೆಯಿತು. ಬಿಲ್ಲಿ ಹಾಲಿಡೇ, ಡಿಜ್ಜಿ ಗಿಲೆಸ್ಪಿ, ರೇ ಚಾರ್ಲ್ಸ್ ಅವರಂಥವರಿದ್ದ ಆ ರಾತ್ರಿಯ ಪಟ್ಟಿಯಲ್ಲಿ ಮಾಂಕ್ ಅವರ ಮೇಳವೂ ಇತ್ತು. ಅಮೆರಿಕ ಸರ್ಕಾರದ ವಾಯ್ಸ್ ಆಫ್ ಅಮೆರಿಕ ರೇಡಿಯೊ ಹೊರದೇಶಗಳ ಕೇಳುಗರಿಗಾಗಿ ಅದನ್ನು ಮುದ್ರಿಸಿಕೊಂಡಿತು, ಟೇಪುಗಳು ಕಾಲಾಂತರದಲ್ಲಿ ಅಲ್ಲಿಯ ಸರ್ಕಾರಿ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದವು, ಸೇರಿ ಸುಮ್ಮನೆ ಕುಳಿತವು. 2005ರಲ್ಲಿ ಹಳೆಯ ಟೇಪುಗಳನ್ನು ಡಿಜಿಟಲ್ ರೂಪಕ್ಕೆ ಇಳಿಸುತ್ತಿದ್ದ ಅಲ್ಲಿಯ ಲ್ಯಾರಿ ಆಪಲ್‌ಬಾಮ್, ಒಂದು ಡಬ್ಬಿಯ ಮೇಲೆ ಕೈಬರಹದಲ್ಲಿದ್ದ ಮಾಂಕ್ ಅವರ ಹೆಸರನ್ನು ನೋಡಿದರು. ಅದೇ ವರ್ಷ ಬ್ಲೂ ನೋಟ್ ಕಂಪನಿ ಅದನ್ನು ಹೊರತಂದಿತು. ಸುಮಾರು ಐವತ್ತೊಂದು ನಿಮಿಷಗಳ ಸಂಗೀತ ಜನರ ಕಿವಿಗೆ ಬೀಳಲು 48 ವರ್ಷ ಹಿಡಿಯಿತು. ಸರ್ಕಾರಿ ಕಪಾಟುಗಳಿಂದ ಒಳ್ಳೆಯದೂ ಆಗುತ್ತದೆ ಎನ್ನುವುದಕ್ಕೆ ನನಗೆ ಗೊತ್ತಿರುವ ಕೆಲವೇ ಉದಾಹರಣೆಗಳಲ್ಲಿ ಇದೊಂದು.

ಎರಡನೆಯ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. 2021ರಲ್ಲಿ ನಾನು ಕಾಯುತ್ತಿದ್ದದ್ದು ಕೋಲ್ಟ್ರೇನ್ ಅವರ ‘ಎ ಲವ್ ಸುಪ್ರೀಮ್’ ಕೃತಿಯ ಸಿಯಾಟಲ್ ಕಛೇರಿಗೆ. ಆ ಕೃತಿ ನನ್ನಲ್ಲಿ ಆಗಲೇ ಎರಡು ರೂಪಗಳಲ್ಲಿತ್ತು. 1964ರ ಡಿಸೆಂಬರ್ 9ರಂದು ಕೋಲ್ಟ್ರೇನ್ ಸೇರಿ ನಾಲ್ವರು ಸ್ಟುಡಿಯೊದಲ್ಲಿ ನುಡಿಸಿದ್ದು ಒಂದು, 1965ರ ಜುಲೈನಲ್ಲಿ ಫ್ರಾನ್ಸಿನ ಆಂಟಿಬ್ ಉತ್ಸವದಲ್ಲಿ ಅದೇ ನಾಲ್ವರು ನುಡಿಸಿದ್ದು ಇನ್ನೊಂದು. ಆಂಟಿಬ್ ಒಂದನ್ನು ಬಿಟ್ಟರೆ ಕೋಲ್ಟ್ರೇನ್ ಈ ಕೃತಿಯನ್ನು ಜನರೆದುರು ಇಡಿಯಾಗಿ ನುಡಿಸಲೇ ಇಲ್ಲವೇನೋ ಎಂದು ಕೇಳುಗರು ಅಂದುಕೊಂಡಿದ್ದರು. ಆದರೆ 1965ರ ಅಕ್ಟೋಬರ್ 2ರಂದು ಸಿಯಾಟಲ್‌ನ ಪೆಂಟ್‌ಹೌಸ್ ಎಂಬ ಕ್ಲಬ್ಬಿನಲ್ಲಿ ಅವರು ಅದನ್ನು ನುಡಿಸಿದ್ದರು, ಅಲ್ಲಿಯ ಸ್ಯಾಕ್ಸೋಫೋನ್ ವಾದಕ ಹಾಗೂ ಶಿಕ್ಷಕ ಜೋ ಬ್ರೆಜಿಲ್ ಅದನ್ನು ಟೇಪಿನಲ್ಲಿ ಹಿಡಿದಿದ್ದರು, ಅವರು 2008ರಲ್ಲಿ ತೀರಿಕೊಂಡ ಮೇಲೂ ಅದು ಅವರ ಸಂಗ್ರಹದಲ್ಲಿಯೇ ಉಳಿದಿತ್ತು. ಸ್ಟುಡಿಯೊದಲ್ಲಿ ಸುಮಾರು ಮೂವತ್ತಮೂರು ನಿಮಿಷಗಳಲ್ಲಿ ಮುಗಿದ ಕೃತಿ ಇಲ್ಲಿ ಎಪ್ಪತ್ತೈದು ನಿಮಿಷಗಳಷ್ಟು ಹರಡಿಕೊಂಡಿದೆ, ನಾಲ್ವರು ಇದ್ದಲ್ಲಿ ಏಳು ಜನರಿದ್ದಾರೆ, ಅವರಲ್ಲಿ ಫೆರೋ ಸ್ಯಾಂಡರ್ಸ್ ಅವರ ಸ್ಯಾಕ್ಸೋಫೋನ್ ಕಿರುಚುತ್ತದೆ, ಗುಡುಗುತ್ತದೆ, ಸ್ಟುಡಿಯೊದ ಪ್ರಾರ್ಥನೆಯ ಬದಲು ಇಲ್ಲಿ ಜಾತ್ರೆಯೊಂದು ನಡೆದಿರುವಂತೆ ಕೇಳಿಸುತ್ತದೆ. ಎಲ್ವಿನ್ ಜೋನ್ಸ್ ಅವರ ಡ್ರಮ್ಮು ಉಳಿದೆಲ್ಲಕ್ಕಿಂತ ಮುಂದೆ ಬಂದು ನಿಂತಿದೆ. ಒಳ್ಳೆಯ ಇಂಜಿನಿಯರ್ ಇದ್ದಿದ್ದರೆ ಹಾಗಾಗುತ್ತಿರಲಿಲ್ಲ, ನಿಜ. ಆದರೆ ಆ ರಾತ್ರಿ ಮೊದಲ ಸಾಲಿನಲ್ಲಿ ಕುಳಿತವರಿಗೆ ಹಾಗೆಯೇ ಕೇಳಿಸಿರಬಹುದು ಎಂದು ನಾನು ಸಮಾಧಾನ ಮಾಡಿಕೊಂಡಿದ್ದೇನೆ.

ಇದನ್ನೆಲ್ಲ ಹೇಳಿದಾಗ ಮಾವ ಒಪ್ಪಲಿಲ್ಲ. ‘ಹಾಡು ಒಂದ ಹೌದಿಲ್ಲೋ?’ ಎಂದರು. ಆಗ ನಾನು ಅವರ ಕಪಾಟಿನ ಕಡೆ ಕೈ ತೋರಿಸಿದೆ.

ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ನಮ್ಮ ಊರಿನ ಮಗ್ಗುಲಲ್ಲೇ ಇದೆ, ಮಲ್ಲಿಕಾರ್ಜುನ ಮನಸೂರರ ಧಾರವಾಡ ಬಸ್ಸಿನಲ್ಲಿ ಎರಡು ತಾಸಿನ ದಾರಿ. ಈ ಭಾಗದಲ್ಲಿ ಮಾವನ ತಲೆಮಾರಿನ ರಸಿಕರಲ್ಲಿ ಅನೇಕರ ಮನೆಗಳಲ್ಲಿರುವಂತೆ ಅವರ ಮನೆಯಲ್ಲಿಯೂ ಒಂದು ಕಬ್ಬಿಣದ ಕಪಾಟಿನ ತುಂಬ ಕ್ಯಾಸೆಟ್ಟುಗಳಿವೆ. ಧಾರವಾಡ ಆಕಾಶವಾಣಿಯಿಂದ ಇಳಿಸಿಕೊಂಡವು, ಖಾಸಗಿ ಮೈಫಿಲುಗಳಲ್ಲಿ ಯಾರೋ ಹಿಡಿದದ್ದರ ನಕಲುಗಳು, ನಕಲುಗಳ ನಕಲುಗಳು. ಅವುಗಳಲ್ಲಿ ಮನಸೂರರ ಶಿವಮತ ಭೈರವ ಒಂದೇ ಅಲ್ಲ, ಐದಾರಿವೆ. ಯಾವುದರಲ್ಲಿ ಅವರು ಸೀದಾ ಬಂದಿಶ್ ಎತ್ತಿಕೊಂಡಿದ್ದಾರೆ, ಯಾವುದರಲ್ಲಿ ತಾಳದ ಮೊದಲ ಪೆಟ್ಟಾದ ಸಮ್‌ಗೆ ಬರುವ ಮುನ್ನ ತಬಲಾದವರನ್ನು ಆಟವಾಡಿಸಿದ್ದಾರೆ, ಯಾವುದರಲ್ಲಿ ಗಂಟಲು ಅರ್ಧ ತಾಸಿನ ಮೇಲೆ ತೆರೆದುಕೊಂಡಿದೆ ಎಂಬುದು ಮಾವನಿಗೆ ಬಾಯಿಪಾಠ. ಒಂದು ಟೇಪಿನಲ್ಲಿ ಮೂರನೆಯ ಸಾಲಿನಿಂದ ಕೆಮ್ಮುವವರು ಯಾರೆಂಬುದೂ ಅವರಿಗೆ ಗೊತ್ತು. ‘ಮಾಮಾ, ರಾಗ ಒಂದ ಹೌದಿಲ್ಲೋ?’ ಎಂದು ನಾನು ಕೇಳಿದೆ. ಅವರು ನಕ್ಕರು, ಆದರೆ ಸೋಲಲಿಲ್ಲ. ರಾಗ ಬೇರೆ, ಬ್ಯಾಂಡಿನವರ ಧಾಟಿ ಬೇರೆ ಎಂದರು.

ಅವರು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ರಾಗಕ್ಕೆ ಸ್ವರಗಳ ನಡೆ ಆಧಾರ, ಜಾಝ್‌ನಲ್ಲಿ ಬಹುಮಟ್ಟಿಗೆ ಆಧಾರವಾಗುವುದು ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ ಒಂದು ಸರಣಿ, ಅದು ಆವರ್ತದಂತೆ ತಿರುತಿರುಗಿ ಬರುತ್ತದೆ. ಆದರೆ ಬರೆದಿಟ್ಟದ್ದು ಎರಡರಲ್ಲಿಯೂ ಸ್ವಲ್ಪವೇ. ‘ಎ ಲವ್ ಸುಪ್ರೀಮ್’ನ ಮೊದಲ ಭಾಗದ ತಿರುಳು ಬಾಸ್ ಎಂಬ ದಪ್ಪ ಸ್ವರದ ತಂತಿವಾದ್ಯ ಎತ್ತಿಕೊಳ್ಳುವ ನಾಲ್ಕೇ ಸ್ವರಗಳ ಒಂದು ಪಲುಕು, ನಮ್ಮವರು ಮುಖಡಾ ಎನ್ನುತ್ತಾರಲ್ಲ, ಹೆಚ್ಚು ಕಡಿಮೆ ಅದು. ಅದರ ಮೇಲೆ ಕಟ್ಟುವುದೆಲ್ಲ ಆ ದಿನದ ಕೆಲಸ. ಸ್ಟುಡಿಯೊದ ಪ್ಲೇಟು ಒಂದು ಡಿಸೆಂಬರ್ ಸಂಜೆಯ ಅಭಿಪ್ರಾಯವಷ್ಟೇ. ಅದು ಎಷ್ಟೇ ಸುಂದರವಾಗಿದ್ದರೂ ಅದನ್ನೇ ‘ಹಾಡು’ ಎಂದು ಕರೆದು, ಉಳಿದದ್ದೆಲ್ಲವೂ ಅದರ ಪ್ರತಿ ಎನ್ನುವುದು ಸಿನಿಮಾ ಹಾಡುಗಳಿಂದ ನಮಗೆ ಅಂಟಿದ ರೂಢಿ ಎಂದು ನನಗೆ ಅನ್ನಿಸುತ್ತದೆ. ಹಾಗಾಗಿ ಹೊಸ ಟೇಪೊಂದು ಸಿಕ್ಕಿದಾಗ ನನಗೆ ಸಿಗುವುದು ಅದೇ ಹಾಡಿನ ಇನ್ನೊಂದು ಪ್ರತಿಯಲ್ಲ, ಇಷ್ಟು ದಿನ ಇಲ್ಲದಿದ್ದ ಒಂದು ದಿನ.

ಕಾಯುವ ದಿನಗಳಲ್ಲಿ ನಾವು ಮಾಡುವುದೇನು ಎಂದೂ ಕೆಲವರು ಕೇಳುತ್ತಾರೆ. ಪ್ರಕಟಣೆ ಹೊರಬಿದ್ದ ದಿನದಿಂದ ಪ್ಲೇಟು ಕೈಸೇರುವವರೆಗೆ ನಮ್ಮ ಬಳಿ ಇರುವುದು ತಾರೀಖು, ಸ್ಥಳ, ವಾದಕರ ಹೆಸರುಗಳು, ರಚನೆಗಳ ಪಟ್ಟಿ ಮತ್ತು ಪ್ರತಿಯೊಂದರ ಅವಧಿ. ಅಷ್ಟರ ಮೇಲೆ ಜಾತಕ ಬರೆಯುವವರಂತೆ ಲೆಕ್ಕ ಹಾಕುತ್ತೇವೆ. 2023ರಲ್ಲಿ ಕೋಲ್ಟ್ರೇನ್ ಮತ್ತು ಅವರ ಜೊತೆ ನುಡಿಸುತ್ತಿದ್ದ ಎರಿಕ್ ಡಾಲ್ಫಿ ಅವರ, ನ್ಯೂಯಾರ್ಕಿನ ವಿಲೇಜ್ ಗೇಟ್ ಕ್ಲಬ್ಬಿನ ಕಛೇರಿ ಬರಲಿದೆ ಎಂದಾಗ ಆಗಿದ್ದು ಇದೇ. ತಾರೀಖು 1961ರ ಆಗಸ್ಟ್. ಆ ವರ್ಷದ ನವೆಂಬರಿನಲ್ಲಿ ಇವರಿಬ್ಬರೂ ಅದೇ ಊರಿನ ಇನ್ನೊಂದು ಕ್ಲಬ್ಬಾದ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ನುಡಿಸಿದ್ದು ಜಗತ್ತಿಗೇ ಗೊತ್ತು. ಮೂರು ತಿಂಗಳು ಮೊದಲು ಅವರ ನಡುವೆ ಏನು ನಡೆಯುತ್ತಿತ್ತು ಎಂಬುದು ಗೊತ್ತಿರಲಿಲ್ಲ. ಪಟ್ಟಿಯ ಕೊನೆಯಲ್ಲಿ ‘ಆಫ್ರಿಕಾ’ ಎಂಬ ಹೆಸರಿತ್ತು. ಅದನ್ನು ಆ ವರ್ಷದ ಬೇಸಿಗೆಯಲ್ಲಷ್ಟೇ ಅವರು ದೊಡ್ಡ ಹಿತ್ತಾಳೆ ವಾದ್ಯವೃಂದದ ಜೊತೆ ಮುದ್ರಿಸಿದ್ದರು, ಸ್ಟುಡಿಯೊದ ಹೊರಗೆ ಅದನ್ನು ನುಡಿಸಿದ ಬೇರೆ ಯಾವ ಮುದ್ರಣವೂ ಅಲ್ಲಿಯವರೆಗೆ ಕೇಳಿಬಂದಿರಲಿಲ್ಲ. ಅಷ್ಟು ದೊಡ್ಡ ವೃಂದ ಇಲ್ಲದೆ ಚಿಕ್ಕ ಮೇಳ ಅದನ್ನು ಹೇಗೆ ಹೊತ್ತಿರಬಹುದು? ಹೆಸರುಗಳಲ್ಲಿ ಇಬ್ಬರು ಬಾಸ್ ವಾದಕರಿದ್ದರು, ರೆಜ್ಜಿ ವರ್ಕ್‌ಮನ್ ಮತ್ತು ಆರ್ಟ್ ಡೇವಿಸ್. ಹಾಗಾದರೆ ಹಿತ್ತಾಳೆಯ ತೂಕವನ್ನು ಇವರಿಬ್ಬರೇ ಹೊರಬೇಕು ಎಂದು ನಾನು ಊಹಿಸಿದೆ. ಪ್ಲೇಟು ಬಂದ ಮೇಲೆ ಆ ಊಹೆ ಸರಿಯಾಗಿತ್ತೆಂದು ಕಂಡು, ರಾತ್ರಿ ಹನ್ನೊಂದಕ್ಕೆ ಒಬ್ಬನೇ ತೊಡೆ ತಟ್ಟಿಕೊಂಡದ್ದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಈ ಟೇಪು ಉಳಿದದ್ದೂ ಆಕಸ್ಮಿಕವೇ: ರಿಚ್ ಆಲ್ಡರ್ಸನ್ ಎಂಬ ಇಂಜಿನಿಯರ್ ಅಲ್ಲಿಯ ಹೊಸ ಧ್ವನಿವ್ಯವಸ್ಥೆಯನ್ನು ಪರೀಕ್ಷಿಸಲು ಒಂದೇ ಒಂದು ಮೈಕ್ ತೂಗುಹಾಕಿ ಮುದ್ರಿಸಿದ್ದು, ಆಮೇಲೆ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ ದೊರಕಿತು.

2024ರಲ್ಲಿ ಬಂದ ಆಲಿಸ್ ಕೋಲ್ಟ್ರೇನ್ ಅವರ ಕಾರ್ನೆಗಿ ಹಾಲ್ ಕಛೇರಿಗೆ ಮಾತ್ರ ನನ್ನ ಜೊತೆ ಮಾವನೂ ಕಾದರು. ಜಾನ್ ಅವರ ಪತ್ನಿಯಾದ ಆಲಿಸ್ ಹಾರ್ಪ್ ಮತ್ತು ಪಿಯಾನೊ ನುಡಿಸುತ್ತಿದ್ದರು, 1971ರ ಫೆಬ್ರವರಿ 21ರ ಆ ಕಛೇರಿ ಸ್ವಾಮಿ ಸಚ್ಚಿದಾನಂದರ ಯೋಗಸಂಸ್ಥೆಯ ಸಹಾಯಾರ್ಥ ನಡೆದದ್ದು. ಇಬ್ಬರು ಡ್ರಮ್ಮಿನವರು, ಇಬ್ಬರು ಬಾಸಿನವರು, ಇಬ್ಬರು ಸ್ಯಾಕ್ಸೋಫೋನಿನವರು, ಅವರ ಜೊತೆಗೆ ಹಾರ್ಮೋನಿಯಂ ಮತ್ತು ತಂಬೂರಿ ಎಂದು ಓದಿ ಹೇಳಿದಾಗ ಮಾವ ಕನ್ನಡಕ ತೆಗೆದರು. ಮೂಲದ ನಾಲ್ಕು ಟ್ರ್ಯಾಕಿನ ಟೇಪು ಕಳೆದುಹೋಗಿ, ಅಂದು ಪರಿಶೀಲನೆಗೆಂದು ಮಾಡಿಟ್ಟಿದ್ದ ಎರಡು ಟ್ರ್ಯಾಕಿನ ಮಿಶ್ರಣವೇ ಉಳಿದಿತ್ತು, ಹೊರಬಂದದ್ದು ಅದು. ಪೂರ್ತಿ ಕೇಳಿದ ಮೇಲೆ ಮಾವನ ತೀರ್ಪು ಒಂದೇ ಮಾತಿನದಾಗಿತ್ತು: ‘ತಂಬೂರಿ ಎಲ್ಲೈತೋ, ಕೇಳಸವಲ್ದಲ್ಲ.’ ಆದರೂ ಹಾರ್ಪ್ ಬರುವಲ್ಲಿ ಇನ್ನೊಮ್ಮೆ ಹಾಕಲು ಹೇಳಿದರು.

ಇಂಥ ಪ್ಲೇಟುಗಳ ಬಗ್ಗೆ ನನಗೆ ಅನುಮಾನಗಳೂ ಇವೆ, ಅವುಗಳನ್ನು ಮುಚ್ಚಿಟ್ಟರೆ ಉತ್ತರ ಪ್ರಾಮಾಣಿಕವಾಗುವುದಿಲ್ಲ. ವ್ಯಾನ್‌ಗಾರ್ಡ್‌ನಲ್ಲಿ 1961ರ ನವೆಂಬರಿನ ನಾಲ್ಕು ರಾತ್ರಿಗಳ ವಾದನವನ್ನು ಕಂಪನಿಯೇ ಮುದ್ರಿಸಿತ್ತು, ಮರುವರ್ಷ ಬಂದ ಪ್ಲೇಟಿನಲ್ಲಿ ಇದ್ದದ್ದು ಮೂರೇ ರಚನೆಗಳು. ಆ ರಾತ್ರಿಗಳ ಪೂರ್ಣ ಮುದ್ರಣ ನಾಲ್ಕು ಸಿಡಿಗಳಲ್ಲಿ ಬಂದದ್ದು 1997ರಲ್ಲಿ, ಕೋಲ್ಟ್ರೇನ್ ತೀರಿಕೊಂಡು ಮೂವತ್ತು ವರ್ಷಗಳಾದ ಮೇಲೆ. ಜಗತ್ತಿಗೆ ಇಷ್ಟು ಸಾಕು ಎಂದು ಆ ಕಾಲದಲ್ಲಿ ತೀರ್ಮಾನವಾಗಿದ್ದನ್ನು ನಾವು ದಾಟಿ ಕೇಳುತ್ತಿದ್ದೇವೆ, ಸಿಯಾಟಲ್‌ನ ಟೇಪಿಗಂತೂ ಅವರ ಒಪ್ಪಿಗೆ ಕೇಳುವ ಮಾತೇ ಇಲ್ಲ. ಇದಕ್ಕೆ ನನ್ನಲ್ಲಿ ಸಮರ್ಥನೆ ಇಲ್ಲ. ಕಳ್ಳಪ್ರತಿಗಿಂತ ವಾರಸುದಾರರಿಗೆ ಹಣ ಸಲ್ಲುವ ಅಧಿಕೃತ ಪ್ರಕಟಣೆಯನ್ನೇ ಕೊಳ್ಳುತ್ತೇನೆ, ಅಷ್ಟೇ. ಇನ್ನು ‘ಕಳೆದುಹೋಗಿದ್ದ’, ‘ಈವರೆಗೆ ಯಾರೂ ಕೇಳದ’ ಎಂಬ ಪಟ್ಟಿ ಹಚ್ಚಿಕೊಂಡು ಬರುವ ಎಲ್ಲವೂ ಹಾಗಿರುವುದಿಲ್ಲ. ಎಷ್ಟೋ ಟೇಪುಗಳು ಸಂಗ್ರಾಹಕರ ಕೈಯಿಂದ ಕೈಗೆ ದಶಕಗಳಿಂದ ಓಡಾಡುತ್ತಿದ್ದಂಥವು. ಸಂಗೀತ ಸಪ್ಪೆಯಾಗಿದ್ದ ರಾತ್ರಿಗಳೂ ಇರುತ್ತವೆ. ನನ್ನ ಕಪಾಟಿನಲ್ಲಿ ಒಮ್ಮೆ ಮಾತ್ರ ಕೇಳಿದ ಪ್ಲೇಟುಗಳು ನಾಲ್ಕಾದರೂ ಇವೆ, ಅವುಗಳ ಬೆಲೆಯನ್ನು ಹೆಂಡತಿಗೆ ಹೇಳಿಲ್ಲ.

ಕೊರತೆಯೇ ಕಥೆಯಾದ ಟೇಪುಗಳೂ ಇವೆ. ಡೀನ್ ಬೆನೆಡೆಟ್ಟಿ ಎಂಬ ಸ್ಯಾಕ್ಸೋಫೋನ್ ವಾದಕ 1947–48ರಲ್ಲಿ ಧ್ವನಿಮುದ್ರಣ ಯಂತ್ರವನ್ನು ಹೊತ್ತು ಹೆಸರಾಂತ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ಅವರ ಬೆನ್ನುಹತ್ತಿದ. ಬಹುಮಟ್ಟಿಗೆ ಪಾರ್ಕರ್ ನುಡಿಸುವಾಗ ಯಂತ್ರ ಓಡಿಸಿ, ಅವರು ನಿಲ್ಲಿಸಿದ ಕೂಡಲೇ ಯಂತ್ರವನ್ನೂ ನಿಲ್ಲಿಸುತ್ತಿದ್ದ. 1990ರಲ್ಲಿ ಅವೆಲ್ಲ ಹೊರಬಂದಾಗ, ಪಕ್ಕದಲ್ಲಿ ನುಡಿಸಿದ ಘಟಾನುಘಟಿಗಳು ಇಲ್ಲವಾಗಿದ್ದರು. ಪಾರ್ಕರ್ ತುಂಡುತುಂಡಾಗಿ ಬರುತ್ತಾರೆ, ಹೋಗುತ್ತಾರೆ. ಈ ಕಥೆಯನ್ನು ಹೇಳಿದ ದಿನ ಮಾವ ಬಹಳ ಹೊತ್ತು ಸುಮ್ಮನಿದ್ದು, ಕಪಾಟಿನಿಂದ ತೊಂಬತ್ತು ನಿಮಿಷದ ಒಂದು ಕ್ಯಾಸೆಟ್ಟನ್ನು ತೆಗೆದು ನನ್ನ ಕೈಯಲ್ಲಿಟ್ಟರು.

ನಮ್ಮ ಭಾಗದ ಹಿರಿಯ ಗಾಯಕರೊಬ್ಬರು ಯಾರದೋ ಮನೆಯ ಪಡಸಾಲೆಯಲ್ಲಿ ಹಾಡಿದ್ದನ್ನು ಮಾವ ತಾವೇ ಹಿಡಿದಿದ್ದ ಕ್ಯಾಸೆಟ್ಟು ಅದು. ಕಂಪ್ಯೂಟರಿಗೆ ಇಳಿಸಿಕೊಡಲು ಹೇಳಿದರು. ನಿಧಾನಗತಿಯ ಬಡಾ ಖ್ಯಾಲ ಮುಗಿದು ವೇಗದ ದ್ರುತ್ ಏರುತ್ತಿರುವಾಗ, ಗಾಯಕರು ಒಂದು ತಾನನ್ನು ತಾರಕಕ್ಕೆ ಒಯ್ಯುತ್ತಿರುವಾಗಲೇ ಟಕ್ ಎಂದು ಮೊದಲ ಬದಿ ಮುಗಿಯುತ್ತದೆ. ಎರಡನೆಯ ಬದಿ ಶುರುವಾಗುವಾಗ ಜನ ‘ವಾಹ್ವಾ’ ಎನ್ನುತ್ತಿದ್ದಾರೆ, ಗಾಯಕರು ನಗುತ್ತಿದ್ದಾರೆ. ಕ್ಯಾಸೆಟ್ಟು ತಿರುವಿ ಹಾಕಲು ಬೇಕಾದ ಹತ್ತು ಹನ್ನೆರಡು ಸೆಕೆಂಡುಗಳಲ್ಲಿ ಅಲ್ಲೇನೋ ನಡೆದುಹೋಗಿದೆ. ಯಂತ್ರದ ಮೇಲೆ ಬಾಗಿದ್ದ ಮಾವ ಅದನ್ನು ಕೂಡ ಸರಿಯಾಗಿ ಕೇಳಲಿಲ್ಲವಂತೆ.

ಅದೇ ಮೈಫಿಲನ್ನು ಹುಬ್ಬಳ್ಳಿಯಿಂದ ಬಂದಿದ್ದ ಇನ್ನೊಬ್ಬರು ಬೇರೆ ಮೂಲೆಯಲ್ಲಿ ಕುಳಿತು ಬೇರೆ ಯಂತ್ರದಲ್ಲಿ ಹಿಡಿದಿದ್ದರು ಎಂದು ಹೋದ ತಿಂಗಳು ಯಾರಿಂದಲೋ ತಿಳಿಯಿತು. ಅವರು ಸ್ವಲ್ಪ ತಡವಾಗಿ ಬಂದಿದ್ದರಂತೆ, ಹಾಗಾಗಿ ಕ್ಯಾಸೆಟ್ಟು ತಿರುವಿದ್ದೂ ತಡವಾಗಿಯೇ ಇರಬೇಕು ಎಂಬುದು ಮಾವನ ಲೆಕ್ಕ. ಆ ಮನೆಯವರು ಅಟ್ಟದ ಮೇಲೆ ಹುಡುಕಿಸುವುದಾಗಿ ಹೇಳಿದ್ದಾರೆ. ಈಗ ವಾರಕ್ಕೆರಡು ಸಲ ಮಾವನ ಫೋನ್ ಬರುತ್ತದೆ: ‘ಏನ್ ಸುದ್ದಿ ಬಂತೇನೋ ತಮ್ಮಾ, ಹುಬ್ಬಳ್ಳಿಯಿಂದ?’