ನಡೆದಾಡಿದ ಅಂತ ಸುಮ್ನಿದ್ದೆ

ರೋಣ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಪಿ.ಟಿ. ಮಾಸ್ತರ. ನಮ್ಮದು ಎರೆ ಭೂಮಿ. ಮಳೆ ಬಂದರೆ ಮೈದಾನ ಕೆಸರು, ಒಣಗಿದರೆ ಬಿರುಕು. ಕಾಲು ಉಳುಕಿಸಿಕೊಳ್ಳದ ಕಬಡ್ಡಿ ಹುಡುಗ ನಮ್ಮಲ್ಲಿ ಸಿಗೋದೇ ಕಷ್ಟ.

ಏಳೆಂಟು ವರ್ಷದ ಹಿಂದಿನ ಮಾತು. ತಾಲೂಕು ಮಟ್ಟದ ಕ್ರೀಡಾಕೂಟಕ್ಕೆ ನಾಲ್ಕು ದಿನ ಬಾಕಿ. ಎಂಟನೇ ಕ್ಲಾಸಿನ ನಮ್ಮ ಒಳ್ಳೇ ರೈಡರ್ ಬೋನಸ್ ಗೆರೆ ಹತ್ತಿರ ತಿರುಗುವಾಗ ಪಾದ ಒಳಕ್ಕೆ ಹೊರಳಿ ಬಿದ್ದ. ಓಡಿಹೋಗಿ ನಾನು ಮಾಡಿದ ಮೊದಲ ಕೆಲಸ, ಹೆಬ್ಬೆರಳು ಹಿಡಿದು ಜಗ್ಗಿದ್ದು! ನಮ್ಮ ಮಾಸ್ತರು ನಮಗೂ ಹಾಗೇ ಮಾಡ್ತಿದ್ದರು. ಆಮೇಲೆ ಎಬ್ಬಿಸಿ ನಡೆಸಿದೆ. ಕುಂಟುತ್ತಾ ಎಂಟ್ಹತ್ತು ಹೆಜ್ಜೆ ಹಾಕಿದ. "ಏನಾಗಿಲ್ರಿ ಸರ್, ಆಡ್ತೀನ್ರಿ" ಅಂದ. ಟೀಮಿನಿಂದ ಹೆಸರು ಹೋಗುತ್ತೆ ಅನ್ನೋ ಭಯ ಅವನಿಗೆ. ನಡೆದ ಅಂದಮೇಲೆ ಎಲುಬಿಗೇನೂ ಆಗಿಲ್ಲ ಅನ್ನೋ ಸಮಾಧಾನ ನನಗೆ. ಸ್ಪ್ರೇ ಹೊಡೆದು ಮನೆಗೆ ಕಳಿಸಿದೆ. ಮನೇಲಿ ಬಿಸಿ ಎಣ್ಣೆ ಹಚ್ಚಿ ಎರಡು ದಿನ ಗಸಗಸ ತಿಕ್ಕಿದರು. ಬಾವು ಇನ್ನೂ ಏರಿತು.

ಮೂರನೇ ದಿನ ಗದಗಿಗೆ ಕರೆದುಕೊಂಡು ಹೋದೆವು. ಎಲುಬಿನ ಡಾಕ್ಟರು ಪಾದದ ಕೀಲಿನ ಹೊರಗಿನ ಗಿಣ್ಣಿನ ಮೇಲೆ ಒಂದೇ ಬೆರಳಿಟ್ಟು ಒತ್ತಿದರು. ಹುಡುಗ ಚೀರಿದ. ಬೆಳೆಯೋ ಮಕ್ಕಳ ಎಲುಬಿನ ತುದಿ ಹತ್ತಿರ ಒಂದು ಮೆತ್ತನೆ ಪದರ ಇರುತ್ತೆ, ಎಲುಬು ಉದ್ದ ಆಗೋದು ಅಲ್ಲಿಂದಲೇ. ಅದು ಎಲುಬುಗಳನ್ನು ಕಟ್ಟಿ ಹಿಡಿಯೋ ಲಿಗಮೆಂಟಿನಷ್ಟೂ ಗಟ್ಟಿ ಅಲ್ಲ. ದೊಡ್ಡವರಿಗೆ ಉಳುಕಿನಲ್ಲೇ ಮುಗಿಯೋ ಪೆಟ್ಟು ಮಕ್ಕಳಿಗೆ ಅಲ್ಲಿ ಬೀಳಬಹುದು. ಇದನ್ನೆಲ್ಲ ಹೇಳಿ ಡಾಕ್ಟರು ಪ್ಲಾಸ್ಟರ್ ಹಾಕಿದರು. ಅವರಪ್ಪ ಕೇಳಿದ್ದು ಒಂದೇ: "ಶೇಂಗಾ ಕೀಳೋ ಹೊತ್ತಿಗೆ ಓಡಾಡ್ತಾನೇನ್ರಿ?"

ಈಗ ನಾನು ಯಾರ ಕಾಲನ್ನೂ ಜಗ್ಗೋದಿಲ್ಲ. ಕೆನಡಾದ ಒಟ್ಟಾವಾದಲ್ಲಿ ಡಾಕ್ಟರುಗಳು 1992ರಲ್ಲೇ, ಉಳುಕಿದ ಪಾದಕ್ಕೆ ಯಾವಾಗ ಎಕ್ಸ್‌ರೇ ಬೇಕು ಅನ್ನೋದಕ್ಕೊಂದು ನಿಯಮ ಮಾಡಿಟ್ಟಿದ್ದಾರೆ. ನಾಲ್ಕು ಹೆಜ್ಜೆ ಇಡೋಕೆ ಆಗದಿದ್ದರೆ ಎಕ್ಸ್‌ರೇ. ಹೆಜ್ಜೆ ಇಟ್ಟರೂ, ಒಳಗಿನ ಅಥವಾ ಹೊರಗಿನ ಗಿಣ್ಣಿನ ತುದಿಯಿಂದ ಹಿಂಬದಿ ಅಂಚಿನುದ್ದಕ್ಕೂ ಮೇಲಕ್ಕೆ 6 ಸೆಂ.ಮೀ. ಒಳಗೆ ಎಲುಬು ಒತ್ತಿದಾಗ ನೋವಾದರೆ ಆಗಲೂ ಎಕ್ಸ್‌ರೇ. ಪಾದದ ನಡುಭಾಗದಲ್ಲೂ, ಒಳಗೊಂದು ಹೊರಗೊಂದು, ಹೀಗೇ ಒತ್ತಿ ನೋಡಬೇಕಾದ ಎಲುಬುಗಳಿವೆ. ನಾನು ನಂಬಿದ್ದು ಆ ನಿಯಮದ ಅರ್ಧವನ್ನು ಮಾತ್ರ, ಅದೂ ನಿಯಮ ಅಂತ ಗೊತ್ತಿಲ್ಲದೇ.

ಐಸ್ ನಮ್ಮ ಶಾಲೆಯಲ್ಲಿಲ್ಲ. ಕಬ್ಬಿನ ಹಾಲಿನ ಅಂಗಡಿಯಿಂದ ತರಿಸ್ತೀನಿ. ಒದ್ದೆ ಟವೆಲಿನಲ್ಲಿ ಸುತ್ತಿ 15-20 ನಿಮಿಷ ಇಡೋದು, ಬರೀ ಚರ್ಮಕ್ಕೆ ತಾಗಿಸೋದಿಲ್ಲ. ಅದರಿಂದ ನೋವು ಕಡಿಮೆಯಾಗುತ್ತೆ, ಅಷ್ಟೇ. ಕಾಲನ್ನು ಪಾಟೀಚೀಲಗಳ ಮೇಲೆ ಎತ್ತರಕ್ಕಿಡ್ತೀವಿ. ಪಟ್ಟಿ ಸುತ್ತಿದ ಮೇಲೆ ಬೆರಳು ತಣ್ಣಗಾಯಿತಾ, ಜೋಮು ಹಿಡೀತಾ ಅಂತ ನೋಡ್ತೀನಿ. ಎಣ್ಣೆ, ತಿಕ್ಕೋದು ಬೇಡ ಅಂತ ಮನೆಯವರಿಗೆ ಫೋನ್ ಮಾಡ್ತೀನಿ. ಅಜ್ಜಿಯರು ಒಪ್ಪೋದಿಲ್ಲ, ಅದು ಬೇರೆ ಮಾತು.

ಮೊಣಕಾಲಲ್ಲಿ ಟಪ್ ಅಂತ ಸದ್ದಾಗಿ ಒಂದೆರಡು ತಾಸಿನಲ್ಲೇ ಬಾತರೆ ಕಾಯೋದೇ ಇಲ್ಲ, ಸೀದಾ ಆಸ್ಪತ್ರೆ. ತಲೆಗೆ ಪೆಟ್ಟಾಗಿ ಮಂಕಾದರೆ ಆ ದಿನ ಆಟ ಮುಗೀತು. ಹೋದ ವರ್ಷ ಫೈನಲ್‌ನಲ್ಲಿ ಇಬ್ಬರ ತಲೆ ಡಿಕ್ಕಿ ಹೊಡೆಯಿತು. ನಮ್ಮ ಹುಡುಗನಿಗೆ ಸ್ಕೋರ್ ಕೇಳಿದೆ, ಮೊದಲನೇ ಹಾಫಿನ ಸ್ಕೋರ್ ಹೇಳಿದ. ಹೊರಗೆ ಕೂಡಿಸಿದೆ. ಎರಡು ಪಾಯಿಂಟಿನಿಂದ ಸೋತೆವು. ಊರವರು ನನ್ನ ಮುಂದೇ ಬೈದರು. ಅವನೂ ನನ್ನ ಪಕ್ಕ ಕೂತು "ಆಡ್ತೀನ್ರಿ ಸರ್, ಏನಾಗಿಲ್ರಿ" ಅಂತಲೇ ಇದ್ದ, ಆಟ ಮುಗಿದ ಮೇಲೂ.